ಎಂಟನೇ ತರಗತಿಯ ಜೂನ್‌ನಲ್ಲೇ ಆರಂಭಿಸಿ: ಎಲ್ಲ ಮಕ್ಕಳನ್ನೂ ಒಳಗೊಳ್ಳುವ ಹೈಸ್ಕೂಲು ತರಗತಿಗೆ ಬೇಕಾದ ಹೆಜ್ಜೆಗಳು

ಜನವರಿ ಬಂತೆಂದರೆ ಹೈಸ್ಕೂಲುಗಳಲ್ಲಿ ಒಂದು ಧಾವಂತ ಶುರುವಾಗುತ್ತದೆ. ಹತ್ತನೇ ತರಗತಿಯ ಹುಡುಗನೊಬ್ಬ ಕೇಳಿದ ಪ್ರಶ್ನೆಗೆಲ್ಲ ಬಾಯಲ್ಲಿ ಸರಿಯಾದ ಉತ್ತರ ಕೊಡುತ್ತಾನೆ, ಉತ್ತರ ಪತ್ರಿಕೆಯಲ್ಲಿ ಮಾತ್ರ ಮೂರು ಸಾಲು ದಾಟುವುದಿಲ್ಲ ಎಂಬುದು ಆಗ ಎಲ್ಲರ ಗಮನಕ್ಕೆ ಬರುತ್ತದೆ. ವೈಕಲ್ಯದ ಪ್ರಮಾಣಪತ್ರಕ್ಕಾಗಿ ತಂದೆ ಕೂಲಿ ಬಿಟ್ಟು ಓಡಾಡುತ್ತಾರೆ, ವೈದ್ಯಕೀಯ ಮಂಡಳಿಯ ದಿನ ಕೂಡಿಬರುವುದಿಲ್ಲ, ಅಷ್ಟರಲ್ಲಿ ಪರೀಕ್ಷಾ ಸೌಲಭ್ಯದ ಅರ್ಜಿಯ ಗಡುವು ಮುಗಿದಿರುತ್ತದೆ. ಆ ಹುಡುಗ ಎಂಟನೇ ತರಗತಿಯಿಂದಲೂ ಅದೇ ಶಾಲೆಯಲ್ಲಿದ್ದವನು. ಅವನಿಗೆ ಸಿಗಬೇಕಾದದ್ದು ಕಾನೂನಿನಲ್ಲಿ ಇತ್ತು, ಜಿಲ್ಲೆಯಲ್ಲಿ ಅದಕ್ಕೆ ಕಚೇರಿಯೂ ಇತ್ತು. ಕೇಳಿದ್ದು ಮಾತ್ರ ಎರಡೂವರೆ ವರ್ಷ ತಡವಾಯಿತು.

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಹೈಸ್ಕೂಲು ಶಿಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನ ಬರೆಯುತ್ತಿದ್ದೇನೆ. ನಮ್ಮ ತರಗತಿಗಳಿಗೆ ಬರುವ ಮಕ್ಕಳು ಎಷ್ಟೊಂದು ಬಗೆಯವರು! ಮೊಳಕಾಲ್ಮೂರು, ಚಳ್ಳಕೆರೆ ಸೀಮೆಯ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು. ಜಗಳೂರು, ಹೊನ್ನಾಳಿ, ನ್ಯಾಮತಿ ಕಡೆಯ ತಾಂಡಾಗಳಲ್ಲಿ ಲಂಬಾಣಿ. ದಾವಣಗೆರೆ, ಹರಿಹರದ ಬಡಾವಣೆಗಳಲ್ಲಿ ಉರ್ದು. ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿ ಕ್ಯಾಂಪುಗಳಲ್ಲಿ ವಾಗ್ರಿ. ಹಿರಿಯೂರು, ಚಳ್ಳಕೆರೆಯ ಗೊಲ್ಲರಹಟ್ಟಿಗಳ ಮಕ್ಕಳು, ಮ್ಯಾಸಬೇಡರ ಹಟ್ಟಿಗಳ ಮಕ್ಕಳು, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರ ಮಕ್ಕಳು ಒಂದೇ ಪಠ್ಯಪುಸ್ತಕ ಹಿಡಿದು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಅವರ ನಡುವೆಯೇ ಕಣ್ಣು ಮಂದವಾದ, ಕಿವಿ ಮಂದವಾದ, ಓದಲು ತಡವರಿಸುವ ಮಕ್ಕಳೂ ಇರುತ್ತಾರೆ. ಇಂಥ ತರಗತಿಗೆ ಬೇಕಾದ ಸಂಪನ್ಮೂಲಗಳು ಬಹುಮಟ್ಟಿಗೆ ನಮ್ಮ ಎಟುಕಿನಲ್ಲಿಯೇ ಇವೆ. ಯಾವುದನ್ನು ಯಾವ ತಿಂಗಳಲ್ಲಿ ಹಿಡಿಯಬೇಕು ಎಂಬುದರ ಮೇಲೆ ಅವುಗಳ ಉಪಯೋಗ ನಿಂತಿದೆ. ಹಾಗಾಗಿ ಶಾಲಾ ವರ್ಷದ ಕ್ರಮದಲ್ಲೇ ಹೋಗೋಣ.

ಮೊದಲ ಹೆಜ್ಜೆ: ಸೇತುಬಂಧದ ದಿನಗಳಲ್ಲಿ ಮಗುವಿಗೊಂದು ಪುಟ

ಜೂನ್‌ನಲ್ಲಿ ಸೇತುಬಂಧ ನಡೆಸುವಾಗ ಮಗು ಏಳನೇ ತರಗತಿಯಲ್ಲಿ ಏನು ಕಲಿತಿದೆ, ಏನು ಬಿಟ್ಟಿದೆ ಎಂದು ನೋಡುತ್ತೇವೆ. ಅದೇ ದಿನಗಳಲ್ಲಿ ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಪ್ರತಿ ಮಗುವಿಗೆ ಒಂದು ಪುಟ ಮೀಸಲಿಡಿ. ಮನೆಯಲ್ಲಿ ಯಾವ ಮಾತು, ಶಾಲೆಗೆ ಎಷ್ಟು ದೂರ, ಎಷ್ಟು ಹೊತ್ತಿನ ಬಸ್ಸು, ಮನೆಯ ಕಸುಬೇನು, ಸುಗ್ಗಿಯಲ್ಲಿ ಮನೆಯವರು ಕಾಫಿ ತೋಟಕ್ಕೋ ಕಬ್ಬು ಕಡಿಯಲೋ ಹೋಗುತ್ತಾರೆಯೇ, ಹೋದರೆ ಮಗು ಯಾರ ಬಳಿ ಇರುತ್ತದೆ, ಮಗುವಿಗೆ ಚೆನ್ನಾಗಿ ಬರುವ ಕೆಲಸ ಯಾವುದು. ಇಷ್ಟನ್ನು ಬರೆದುಕೊಳ್ಳಿ. ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಕೊರತೆಗಳನ್ನಷ್ಟೇ ತುಂಬಿದ ಪುಟದಿಂದ ಪಾಠ ಹೇಳಲು ಏನೂ ಸಿಗುವುದಿಲ್ಲ.

ಜೊತೆಗೆ ಕೆಲವು ಗಮನಿಕೆಗಳು. ಹಿಂದಿನ ಬೆಂಚಿನಿಂದ ಕಪ್ಪುಹಲಗೆ ಓದಲು ಮಗು ಕಣ್ಣು ಕಿರಿದು ಮಾಡುತ್ತದೆಯೇ, ಪಕ್ಕದವನ ಪುಸ್ತಕ ನೋಡಿ ಬರೆಯುತ್ತದೆಯೇ? ಹಿಂದಿನಿಂದ ಹೆಸರು ಕರೆದರೆ ತಿರುಗುತ್ತದೆಯೇ? ಬಾಯಲ್ಲಿ ಹೇಳುವುದಕ್ಕೂ ಬರೆಯುವುದಕ್ಕೂ ನಡುವೆ ಎಷ್ಟು ಅಂತರವಿದೆ? ನನ್ನ ಅನುಭವದಲ್ಲಿ ಈ ಕೊನೆಯ ಅಂತರದಷ್ಟು ಸ್ಪಷ್ಟವಾದ ಸುಳಿವು ಬೇರೊಂದಿಲ್ಲ. ಇಂಥ ಮಗುವಿಗೆ ಶಾಲೆಗಳಲ್ಲಿ ಸಾಮಾನ್ಯವಾಗಿ ಸಿಗುವ ಹೆಸರು ಸೋಮಾರಿ. ಆ ಮಾತು ನಮ್ಮ ಬಾಯಿಂದ ಬರಬಾರದು.

ಈ ಗಮನಿಕೆಗಳನ್ನು ಕ್ರಮಬದ್ಧವಾಗಿ ದಾಖಲಿಸಲು ಎನ್‌ಸಿಇಆರ್‌ಟಿ 2022ರಲ್ಲಿ ಬಿಡುಗಡೆ ಮಾಡಿದ ‘ಪ್ರಶಸ್ತ್’ ಎಂಬ ಪರಿಶೀಲನಾ ಪಟ್ಟಿ ಮತ್ತು ಮೊಬೈಲ್ ಆ್ಯಪ್ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ವೈಕಲ್ಯಗಳನ್ನು ಇಟ್ಟುಕೊಂಡು ರೂಪಿಸಿದ್ದು. ಮೊದಲ ಭಾಗವನ್ನು ನಮ್ಮಂಥ ವಿಷಯ ಶಿಕ್ಷಕರೇ ತುಂಬಬಹುದು, ಎರಡನೆಯ ಭಾಗಕ್ಕೆ ವಿಶೇಷ ಶಿಕ್ಷಕರು ಬೇಕು. ಇದು ಪ್ರಾಥಮಿಕ ತಪಾಸಣೆ ಮಾತ್ರ. ನಾವು ವೈದ್ಯರಲ್ಲ, ಮಗುವಿಗೆ ಕಾಯಿಲೆಯ ಹೆಸರು ಅಂಟಿಸುವ ಅಧಿಕಾರ ನಮಗಿಲ್ಲ. ಗುರುತಿಸಿದ ಮಕ್ಕಳ ಪಟ್ಟಿ ಸೂಚನಾ ಫಲಕಕ್ಕೂ ಹೋಗಬಾರದು, ಶಾಲೆಯ ವಾಟ್ಸ್‌ಆ್ಯಪ್ ಗುಂಪಿಗೂ ಹೋಗಬಾರದು.

ಇಲ್ಲಿಯೇ ಇನ್ನೊಂದು ಮಾತು ಹೇಳಿಬಿಡುತ್ತೇನೆ. ವಿದ್ಯಾರ್ಥಿವೇತನದ ಅರ್ಜಿ ಬಂದಾಗ ತರಗತಿಯಲ್ಲಿ ನಿಂತು ಜಾತಿ ವರ್ಗದ ಹೆಸರು ಹಿಡಿದು ‘ಎದ್ದು ನಿಲ್ಲಿ’ ಎನ್ನುವ ರೂಢಿ ಕೆಲವು ಶಾಲೆಗಳಲ್ಲಿ ಇನ್ನೂ ಇದೆ. ಹದಿಮೂರು ವರ್ಷದ ಮಗು ಆ ಒಂದು ನಿಮಿಷವನ್ನು ಬಹಳ ಕಾಲ ಮರೆಯುವುದಿಲ್ಲ. ಅರ್ಜಿಯ ವಿವರವನ್ನು ಎಲ್ಲ ಮಕ್ಕಳಿಗೂ ಒಟ್ಟಿಗೆ ತಿಳಿಸಿ, ದಾಖಲೆಗಳನ್ನು ಕಚೇರಿಯಲ್ಲಿ ಒಬ್ಬೊಬ್ಬರಾಗಿ ಕೊಡಲು ಹೇಳಿ. ಅಲೆಮಾರಿ ಕುಟುಂಬಗಳ ಮಕ್ಕಳಲ್ಲಿ ಜಾತಿ, ಆದಾಯ ಪ್ರಮಾಣಪತ್ರ ಇಲ್ಲದಿರುವುದು ಹೆಚ್ಚು. ಅಂಥವರ ಹೆಸರನ್ನು ಜೂನ್‌ನಲ್ಲೇ ಗುರುತು ಮಾಡಿಕೊಂಡರೆ ನಾಡಕಚೇರಿಗೆ ಹೋಗಿ ಬರಲು ಪೋಷಕರಿಗೆ ಸಮಯ ಸಿಗುತ್ತದೆ.

ಎರಡನೆಯ ಹೆಜ್ಜೆ: ಜುಲೈ ಮುಗಿಯುವುದರೊಳಗೆ ಯಾರಿಗೆ ಫೋನ್ ಮಾಡಬೇಕು

ವಿಶೇಷ ಅಗತ್ಯವುಳ್ಳ ಮಗು ಎಂಬ ಅನುಮಾನ ಬಂದರೆ ಮೊದಲು ಸಂಪರ್ಕಿಸಬೇಕಾದವರು ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ ಬಿಐಇಆರ್‌ಟಿ, ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು. ಅವರು ಪ್ರಾಥಮಿಕ ಶಾಲೆಗಳಿಗಷ್ಟೇ ಎಂಬ ತಪ್ಪು ಕಲ್ಪನೆ ಹೈಸ್ಕೂಲು ಶಿಕ್ಷಕರಲ್ಲಿ ಇದೆ. 2018ರಲ್ಲಿ ಸರ್ವ ಶಿಕ್ಷಾ ಅಭಿಯಾನ, ಮಾಧ್ಯಮಿಕ ಶಿಕ್ಷಾ ಅಭಿಯಾನಗಳನ್ನು ಒಂದುಗೂಡಿಸಿ ಸಮಗ್ರ ಶಿಕ್ಷಾ ಬಂದ ಮೇಲೆ ಈ ನೆರವು ಹನ್ನೆರಡನೇ ತರಗತಿಯವರೆಗೂ ಚಾಚಿದೆ. ಈ ಯೋಜನೆಯಡಿ ವಿಶೇಷ ಅಗತ್ಯವುಳ್ಳ ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗಿನ ನೆರವು, ಹೆಣ್ಣುಮಕ್ಕಳಿಗೆ ಹತ್ತು ತಿಂಗಳು ತಿಂಗಳಿಗೆ 200 ರೂಪಾಯಿ ಪ್ರೋತ್ಸಾಹಧನಕ್ಕೆ ಅವಕಾಶವಿದೆ. ಸಾಧನ ಸಲಕರಣೆಗಳಿಗಾಗಿ ತಾಲ್ಲೂಕು ಮಟ್ಟದಲ್ಲಿ ವೈದ್ಯಕೀಯ ಮೌಲ್ಯಾಂಕನ ಶಿಬಿರಗಳು ನಡೆಯುತ್ತವೆ. ಶಾಲೆಯಿಂದ ಹೊರಡುವ ಮಾಹಿತಿಯಲ್ಲಿ ಮಗುವಿನ ಅಗತ್ಯ ದಾಖಲಾಗಿಲ್ಲದಿದ್ದರೆ ಶಿಬಿರದ ಕರೆ ಬರುವುದೇ ಅನುಮಾನ. ಆದ್ದರಿಂದ ಎಸ್‌ಎಟಿಎಸ್ ಮತ್ತು ಯು-ಡೈಸ್ ಎಂಬ ಶಾಲಾ ಮಾಹಿತಿ ದಾಖಲೆಗಳನ್ನು ತುಂಬುವಾಗ ಕಂಪ್ಯೂಟರ್ ಮುಂದೆ ಕೂತವರ ಪಕ್ಕದಲ್ಲಿ ನಿಮ್ಮ ನೋಟ್‌ಬುಕ್ ಇರಲಿ.

ಎರಡನೆಯ ದಾರಿ ಆರೋಗ್ಯ ಇಲಾಖೆಯದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಬಂದು ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತದೆ. ತಂಡ ಬರುವ ದಿನ ಸಾಲಾಗಿ ಮಕ್ಕಳನ್ನು ಕಳಿಸಿ ಸುಮ್ಮನಾಗಬೇಡಿ. ನೀವು ಗಮನಿಸಿದ ನಾಲ್ಕೈದು ಮಕ್ಕಳ ವಿವರವನ್ನು ಚೀಟಿಯಲ್ಲಿ ಬರೆದು ವೈದ್ಯರ ಕೈಗೆ ಕೊಡಿ. ಅವರು ಹೆಚ್ಚಿನ ತಪಾಸಣೆಗೆ ಜಿಲ್ಲಾ ಆಸ್ಪತ್ರೆಗೆ ಬರೆದುಕೊಡುತ್ತಾರೆ. ದಾವಣಗೆರೆಯಲ್ಲಾದರೆ ಅದು ಚಿಗಟೇರಿ ಆಸ್ಪತ್ರೆ.

ಮೂರನೆಯದು ನಮ್ಮ ಭಾಗದ ಬಹುದೊಡ್ಡ ಅನುಕೂಲ. ವಿಕಲಚೇತನರ ಕೌಶಲಾಭಿವೃದ್ಧಿ, ಪುನರ್ವಸತಿ ಮತ್ತು ಸಬಲೀಕರಣಕ್ಕಾಗಿ ಕೇಂದ್ರ ಸರ್ಕಾರ ನಡೆಸುವ ಸಂಯೋಜಿತ ಪ್ರಾದೇಶಿಕ ಕೇಂದ್ರ, ಎಲ್ಲರೂ ಸಿಆರ್‌ಸಿ ಎಂದು ಕರೆಯುವುದು, ದಾವಣಗೆರೆಯಲ್ಲೇ ಇದೆ. ಸಿಕಂದರಾಬಾದಿನ ರಾಷ್ಟ್ರೀಯ ಬೌದ್ಧಿಕ ವಿಕಲಚೇತನರ ಸಂಸ್ಥೆಯ ಅಡಿಯಲ್ಲಿ ಅದು ಕೆಲಸ ಮಾಡುತ್ತದೆ. ಮಾತು, ಶ್ರವಣ, ಮನಃಶಾಸ್ತ್ರ, ವಿಶೇಷ ಶಿಕ್ಷಣಗಳ ತಿಳಿವಳಿಕೆ ಉಳ್ಳವರು ಒಂದೇ ಕಡೆ ಸಿಗುವ ಇಂಥ ಜಾಗ ರಾಜ್ಯದ ಎಷ್ಟೋ ಜಿಲ್ಲೆಗಳಿಗೆ ಇಲ್ಲ. ಮಾತು ಮತ್ತು ಶ್ರವಣದ ಹೆಚ್ಚು ಜಟಿಲ ತೊಂದರೆಗಳಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕಲಿಕಾ ನ್ಯೂನತೆ ಮತ್ತು ಮಾನಸಿಕ ತೊಂದರೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಕಲಿಕಾ ನ್ಯೂನತೆಯ ಪರೀಕ್ಷೆ ಒಂದೇ ಭೇಟಿಯಲ್ಲಿ ಮುಗಿಯದಿರಬಹುದು. ಬಡ ಪೋಷಕರಿಗೆ ಒಂದೊಂದು ಭೇಟಿಯೂ ಒಂದು ದಿನದ ಕೂಲಿ. ಈ ಕಾರಣಕ್ಕೂ ಎಂಟನೇ ತರಗತಿಯಲ್ಲೇ ಹೊರಡಬೇಕು.

ಪ್ರಮಾಣಪತ್ರದ ವಿಷಯ. ಸ್ವಾವಲಂಬನ್ ಜಾಲತಾಣದ ಮೂಲಕ ಯುಡಿಐಡಿ, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಕಾರ್ಡಿಗೆ ಅರ್ಜಿ ಹಾಕಬೇಕು. ಮಗುವಿನ ಭಾವಚಿತ್ರ, ಆಧಾರ್, ವಿಳಾಸದ ದಾಖಲೆ ಸಾಕು. ವೈಕಲ್ಯ ಶೇಕಡಾ 40 ಅಥವಾ ಹೆಚ್ಚು ಎಂದು ಪ್ರಮಾಣೀಕೃತವಾದರೆ ಕಾಯ್ದೆಯ ಬಹುತೇಕ ಸೌಲಭ್ಯಗಳಿಗೆ ಅರ್ಹತೆ ಬರುತ್ತದೆ. ಇದರಲ್ಲಿ ಒಂದನ್ನು ಮುಖ್ಯ ಶಿಕ್ಷಕರೂ ನೆನಪಿಡಬೇಕು. ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಹದಿನಾಲ್ಕು ವರ್ಷಕ್ಕೆ ನಿಂತುಬಿಡುತ್ತದೆ. ವಿಕಲಚೇತನ ಮಗುವಿಗೆ ಮಾತ್ರ 2016ರ ಕಾಯ್ದೆ ಹದಿನೆಂಟರವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಅರ್ಜಿ ತುಂಬಲು, ಆಸ್ಪತ್ರೆಗೆ ಜೊತೆಯಾಗಲು ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಅವರ ಕೆಲಸವೇ ಅದು, ಊರಿನ ಮನೆಮನೆಯೂ ಅವರಿಗೆ ಗೊತ್ತಿರುತ್ತದೆ.

ಮೂರನೆಯ ಹೆಜ್ಜೆ: ಮನೆಯ ತಿಳಿವಳಿಕೆಯನ್ನು ಪಾಠದೊಳಗೆ ತನ್ನಿ

ಈ ಕೆಲಸಕ್ಕೆ ಕಾಗದಪತ್ರ ಬೇಡ, ನಡೆದುಹೋಗುವ ಮನಸ್ಸು ಬೇಕು. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್‌ನಲ್ಲಿ ಶಿಕ್ಷಣ ಸಂಶೋಧಕ ಲೂಯಿಸ್ ಮೋಲ್ ಮತ್ತು ಜೊತೆಗಾರರು ಶಿಕ್ಷಕರನ್ನು ಮೆಕ್ಸಿಕನ್ ಮೂಲದ ದುಡಿಯುವ ಕುಟುಂಬಗಳ ಮನೆಗಳಿಗೆ ಕರೆದೊಯ್ದರು. ಬುದ್ಧಿ ಹೇಳಲು ಹೋದವರಲ್ಲ ಅವರು, ಕಲಿಯಲು ಹೋದವರು. ಬೇಸಾಯ, ಗಣಿ, ಕಟ್ಟಡ ಕೆಲಸ, ಔಷಧಿ ಗಿಡಗಳ ಬಗ್ಗೆ ಆ ಮನೆಗಳಲ್ಲಿ ಇದ್ದ ತಿಳಿವಳಿಕೆಯ ಮೇಲೆ ಪಾಠಗಳನ್ನು ಕಟ್ಟಿದರು. 1992ರಲ್ಲಿ ಅವರು ಬರೆದದ್ದು ಇಂದಿಗೂ ಜಗತ್ತಿನಾದ್ಯಂತ ಶಿಕ್ಷಕ ತರಬೇತಿಗಳಲ್ಲಿ ಚರ್ಚೆಯಾಗುತ್ತದೆ. ಅದೇ ದೇಶದ ಶಿಕ್ಷಣ ತಜ್ಞೆ ಗ್ಲೋರಿಯಾ ಲ್ಯಾಡ್ಸನ್-ಬಿಲ್ಲಿಂಗ್ಸ್ ಕಪ್ಪು ಮಕ್ಕಳಿಗೆ ಯಶಸ್ವಿಯಾಗಿ ಪಾಠ ಹೇಳುತ್ತಿದ್ದ ಶಿಕ್ಷಕರನ್ನು ಹತ್ತಿರದಿಂದ ಅಭ್ಯಸಿಸಿ 1995ರಲ್ಲಿ ಮೂರು ಅಂಶಗಳನ್ನು ಮುಂದಿಟ್ಟರು: ಮಗು ನಿಜವಾಗಿ ಕಲಿಯಬೇಕು, ತನ್ನ ಸಂಸ್ಕೃತಿಯನ್ನು ಕಳೆದುಕೊಳ್ಳದೆ ಕಲಿಯಬೇಕು, ಸಮಾಜದ ಅನ್ಯಾಯವನ್ನು ಪ್ರಶ್ನಿಸುವ ಶಕ್ತಿಯನ್ನೂ ಪಡೆಯಬೇಕು. ಮೊದಲನೆಯದನ್ನು ಮರೆತು ಎರಡನೆಯದಕ್ಕೆ ಮಾತ್ರ ಒತ್ತು ಕೊಟ್ಟರೆ ವಾರ್ಷಿಕೋತ್ಸವದ ಲಂಬಾಣಿ ನೃತ್ಯದಲ್ಲೇ ಎಲ್ಲ ಮುಗಿಯುತ್ತದೆ. ನೃತ್ಯ ಇರಲಿ, ಅದರ ಜೊತೆ ಪಾಠವೂ ಬೇಕು.

ಒಂದು ಪಾಠವನ್ನೇ ತೆಗೆದುಕೊಳ್ಳಿ. ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ‘ಶಬ್ದ’ ಇದೆ. ಕಾಡುಗೊಲ್ಲರಲ್ಲಿ ಅವರ ಸಾಂಸ್ಕೃತಿಕ ವೀರ ಜುಂಜಪ್ಪನ ಕಾವ್ಯ ಹಾಡುವಾಗ ನುಡಿಸುವ ಗಣೆ ಎಂಬ ಉದ್ದನೆಯ ಬಿದಿರಿನ ವಾದ್ಯವಿದೆ. ಹಟ್ಟಿಯ ಹಿರಿಯರೊಬ್ಬರನ್ನು ಗೌರವದಿಂದ ಶಾಲೆಗೆ ಆಹ್ವಾನಿಸಿ, ಕುರ್ಚಿ ಹಾಕಿ ಕೂರಿಸಿ, ಗಣೆ ನುಡಿಸಲು ಕೇಳಿ. ಬಳಿಕ ಜಾತ್ರೆಯಲ್ಲಿ ಸಿಗುವ ಮೊಳದುದ್ದದ ಕೊಳಲನ್ನು ಊದಿಸಿ. ಯಾವುದರ ಸ್ವರ ಗಂಭೀರ, ಯಾವುದು ಕೀರಲು, ಏಕೆ ಎಂದು ಮಕ್ಕಳನ್ನೇ ಕೇಳಿ. ಒಳಗಿನ ಗಾಳಿಯ ಕಂಬ ಉದ್ದವಾದಷ್ಟೂ ಕಂಪನದ ಆವೃತ್ತಿ ಕಡಿಮೆ ಎಂಬುದನ್ನು ಅವರೇ ಕಂಡುಕೊಳ್ಳುತ್ತಾರೆ. ತರಗತಿಯಲ್ಲಿ ಕಿವಿ ಕೇಳದ ಹುಡುಗಿ ಇದ್ದರೆ ಅವಳ ಕೈಗೆ ಊದಿದ ಬಲೂನು ಕೊಟ್ಟು ಉರುಮೆ ಎಂಬ ಚರ್ಮವಾದ್ಯದ ಹತ್ತಿರ ನಿಲ್ಲಿಸಿ. ಬಾರಿಸಿದಾಗ ಬಲೂನಿನ ಮೈ ನಡುಗುವುದು ಅವಳ ಅಂಗೈಗೆ ತಿಳಿಯುತ್ತದೆ. ಆಮೇಲೆ ಉಳಿದ ಮಕ್ಕಳೂ ಕಿವಿ ಮುಚ್ಚಿಕೊಂಡು ಬಲೂನು ಹಿಡಿಯಲಿ. ಹಿರಿಯರ ವಿದ್ಯೆ, ಭೌತಶಾಸ್ತ್ರದ ನಿಯಮ, ಆ ಹುಡುಗಿಯ ಕಲಿಕೆ ಮೂರೂ ಒಂದೇ ಅವಧಿಯಲ್ಲಿ ಸೇರುತ್ತವೆ. ಇದಕ್ಕೆ ಖರ್ಚು ಎರಡು ಬಲೂನು.

ಇದೇ ರೀತಿ ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಬುಟ್ಟಾ ವಿನ್ಯಾಸವನ್ನು ಗ್ರಾಫ್ ಹಾಳೆಯ ಚೌಕಗಳಲ್ಲಿ ಬಿಡಿಸಿದರೆ ನಿರ್ದೇಶಾಂಕ ರೇಖಾಗಣಿತದ ಮೊದಲ ಪಾಠವಾಗುತ್ತದೆ. ಮಗ್ಗದ ಮನೆಯ ಮಕ್ಕಳು ಅಂದು ಉಳಿದವರಿಗೆ ಕಲಿಸುವವರಾಗುತ್ತಾರೆ. ಹತ್ತನೇ ತರಗತಿಯ ಬೆಳಕಿನ ಪಾಠಕ್ಕೆ ಲಂಬಾಣಿ ಕಸೂತಿಯ ಕನ್ನಡಿಗಳಿವೆ. ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲು, ದಾವಣಗೆರೆಯ ಮಂಡಕ್ಕಿ ಭಟ್ಟಿ, ಚನ್ನಗಿರಿಯ ಅಡಿಕೆ ಬೇಯಿಸುವ ಒಲೆ ಎಲ್ಲದರಲ್ಲೂ ಶಾಖ, ಆವಿ, ಲಾಭನಷ್ಟದ ಲೆಕ್ಕ ಇದೆ.

ಒಂದು ಎಚ್ಚರಿಕೆ. ಪಾಠದ ನಡುವೆ ಯಾವುದೇ ಮಗುವನ್ನು ಎಬ್ಬಿಸಿ ‘ನಿಮ್ಮವರಲ್ಲಿ ಹೇಗೆ ಮಾಡುತ್ತಾರೆ ಹೇಳು’ ಎನ್ನಬೇಡಿ. ಹದಿಹರೆಯದವರಿಗೆ ಅದು ಸನ್ಮಾನವಾಗಿ ಕಾಣುವುದಿಲ್ಲ. ಮುಂಚೆಯೇ ಪಕ್ಕಕ್ಕೆ ಕರೆದು ಕೇಳಿ. ಒಲ್ಲೆ ಎಂದರೆ ಅಲ್ಲಿಗೇ ಬಿಡಿ.

ನಾಲ್ಕನೆಯ ಹೆಜ್ಜೆ: ಮನೆಮಾತಿಗೆ ತರಗತಿಯಲ್ಲಿ ಜಾಗ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನಕ್ಕೆ ಮಕ್ಕಳನ್ನು ಒಮ್ಮೆಯಾದರೂ ಕರೆದೊಯ್ಯಿರಿ. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಿಗೆ ದಯೆ ತೋರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂದು ಅದು ಹೇಳುತ್ತದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಬರೆದವನು ಚಪಡ ಎಂದು ಹೆಸರಿದೆ, ಅವನು ಲಿಪಿಕಾರ ಎಂಬ ಪದ ಮಾತ್ರ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿ ಲಿಪಿಯಲ್ಲಿದೆ. ಖರೋಷ್ಠಿ ವಾಯವ್ಯ ಭಾರತದ ಲಿಪಿ. ದೂರದಿಂದ ಬಂದವನೊಬ್ಬ ತನ್ನ ಕಡೆಯ ಅಕ್ಷರವನ್ನು ನಮ್ಮ ಸೀಮೆಯ ಬಂಡೆಯ ಮೇಲೆ ಬಿಟ್ಟು ಹೋಗಿದ್ದಾನೆ. ಬಲದಿಂದ ಎಡಕ್ಕೆ ಬರೆಯುವ ಉರ್ದು ಬಲ್ಲ ಮಗು ಈ ಸಂಗತಿಯನ್ನು ಎಷ್ಟು ಹಿಗ್ಗಿನಿಂದ ಕೇಳುತ್ತದೆ ಎಂಬುದನ್ನು ನೋಡಿಯೇ ತಿಳಿಯಬೇಕು.

ತರಗತಿಯಲ್ಲಿ ಮಾಡಬಹುದಾದದ್ದು ಸರಳ. ಪ್ರತಿ ಅಧ್ಯಾಯದ ಎಂಟು ಹತ್ತು ಮುಖ್ಯ ಪದಗಳನ್ನು ಒಂದು ಚಾರ್ಟಿನಲ್ಲಿ ಬರೆದು, ಪಕ್ಕದಲ್ಲಿ ಲಂಬಾಣಿ, ತೆಲುಗು, ಉರ್ದು ಹೀಗೆ ಆ ತರಗತಿಯಲ್ಲಿ ಇರುವ ಮಾತುಗಳಿಗೆ ಖಾಲಿ ಕಾಲಂ ಬಿಡಿ. ಮಕ್ಕಳೇ ತುಂಬಲಿ, ಕನ್ನಡ ಲಿಪಿಯಲ್ಲೇ ಬರೆಯಲಿ. ಹೊಂದುವ ಪದ ಸಿಗದಿದ್ದರೆ ಮನೆಯಲ್ಲಿ ಅಜ್ಜಿಯನ್ನು ಕೇಳಿ ಬರಲಿ. ಗುಂಪು ಚರ್ಚೆಯನ್ನು ಮನೆಮಾತಿನಲ್ಲಿ ಮಾಡಲು ಬಿಡಿ, ವರದಿಯನ್ನು ಕನ್ನಡದಲ್ಲಿ ಕೊಡಲಿ. ‘ತರಗತಿಯಲ್ಲಿ ಕನ್ನಡವೇ ಮಾತನಾಡಿ’ ಎಂದು ಗದರಿದರೆ ಕನ್ನಡ ಬೆಳೆಯುವುದಿಲ್ಲ, ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಯೋಚನೆಗೆ ಅಡ್ಡಿಯಿಲ್ಲದ ಮಗು ಕನ್ನಡವನ್ನೂ ಬೇಗ ಹಿಡಿಯುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಓದುವ ಸಾಮಗ್ರಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣವಿದೆ. ಮುಕ್ತ ಪರವಾನಗಿಯ ಕಥೆಗಳು, ಕನ್ನಡದಲ್ಲಿ ಬೇಕಾದಷ್ಟಿವೆ. ಅವುಗಳನ್ನು ಮಕ್ಕಳು ತಮ್ಮ ಮಾತಿಗೆ ತಿರುಗಿಸಿ ಮುದ್ರಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಕನ್ನಡದಲ್ಲಿ ಓದಲು ಹಿಂದುಳಿದ ಎಂಟನೇ ತರಗತಿಯ ಮಗುವಿಗೆ ಚಿಕ್ಕ ಮಕ್ಕಳ ಪುಸ್ತಕ ಕೊಟ್ಟರೆ ಅದು ನಾಚಿಕೊಳ್ಳುತ್ತದೆ. ‘ಇದನ್ನು ನಿಮ್ಮ ಮಾತಿಗೆ ತಂದು ತಮ್ಮನಿಗೆ ಓದಿ ಹೇಳು’ ಎಂದು ಕೆಲಸವಾಗಿ ಕೊಟ್ಟರೆ ಅದೇ ಪುಸ್ತಕವನ್ನು ಗೌರವದಿಂದ ಓದುತ್ತದೆ.

ಐದನೆಯ ಹೆಜ್ಜೆ: ಪಾಠ ಯೋಜನೆ ಬರೆಯುವಾಗಲೇ ಎಲ್ಲರನ್ನೂ ನೆನೆಯಿರಿ

ಅಮೆರಿಕದ ಕಾಸ್ಟ್ ಎಂಬ ಸಂಸ್ಥೆ ರೂಪಿಸಿದ ‘ಯೂನಿವರ್ಸಲ್ ಡಿಸೈನ್ ಫಾರ್ ಲರ್ನಿಂಗ್’ ಎಂಬ ಚೌಕಟ್ಟು ಮೂರು ವಿಷಯ ಹೇಳುತ್ತದೆ: ಮಕ್ಕಳನ್ನು ತೊಡಗಿಸಲು ಒಂದಕ್ಕಿಂತ ಹೆಚ್ಚು ದಾರಿ, ವಿಷಯವನ್ನು ತೋರಿಸಲು ಒಂದಕ್ಕಿಂತ ಹೆಚ್ಚು ದಾರಿ, ಕಲಿತದ್ದನ್ನು ಹೊರಹಾಕಲು ಒಂದಕ್ಕಿಂತ ಹೆಚ್ಚು ದಾರಿ. ಅದರ ಮಾರ್ಗಸೂಚಿ ಜಾಲತಾಣದಲ್ಲಿ ಉಚಿತವಾಗಿದೆ. ನಮ್ಮಲ್ಲಿ ಇದಕ್ಕೆ ಹೊಸ ಅನುಮತಿ ಬೇಕಿಲ್ಲ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗಳಲ್ಲಿ ಮೌಖಿಕ ವಿವರಣೆ, ಮಾದರಿ ತಯಾರಿಕೆ, ಸಂದರ್ಶನ, ಚಿತ್ರ ಎಲ್ಲಕ್ಕೂ ಅವಕಾಶವಿದೆ. ಆ ಅವಕಾಶವನ್ನು ಎಲ್ಲರಿಗೂ ಒಂದೇ ಪ್ರಬಂಧ ಬರೆಸಿ ಮುಗಿಸುವುದು ದೊಡ್ಡ ನಷ್ಟ.

ಕೆಲವು ಚಿಕ್ಕ ಬದಲಾವಣೆಗಳು. ಕಿವಿ ಮಂದವಾದ ಮಗು ನಿಮ್ಮ ತುಟಿ ನೋಡುತ್ತಿರುತ್ತದೆ, ಕಪ್ಪುಹಲಗೆಗೆ ಮುಖ ಮಾಡಿ ಮಾತನಾಡಬೇಡಿ. ಬರೆಯಿರಿ, ತಿರುಗಿ, ಆಮೇಲೆ ಹೇಳಿ. ಕಣ್ಣು ಮಂದವಾದ ಮಗುವಿಗೆ ಬರೆಯುತ್ತಲೇ ಗಟ್ಟಿಯಾಗಿ ಓದಿ. ಪ್ರಶ್ನೆಪತ್ರಿಕೆಯನ್ನು ದೊಡ್ಡ ಅಕ್ಷರದಲ್ಲಿ ತೆಗೆಸಿ, ಜೆರಾಕ್ಸ್ ಅಂಗಡಿಯಲ್ಲಿ ಎ4 ಹಾಳೆಯನ್ನು ಎ3ಗೆ ಹಿಗ್ಗಿಸಿಕೊಟ್ಟರೂ ಸಾಕು. ವಿಜ್ಞಾನ, ಸಮಾಜದ ಉತ್ತರದಲ್ಲಿ ಒತ್ತಕ್ಷರ ತಪ್ಪಿದ್ದಕ್ಕೆ ಅಂಕ ಕಡಿಯಬೇಡಿ.

ಆಂಡ್ರಾಯ್ಡ್ ಫೋನಿನಲ್ಲೇ ಇರುವ ಟಾಕ್‌ಬ್ಯಾಕ್ ಪರದೆಯನ್ನು ಓದಿ ಹೇಳುತ್ತದೆ. ಕನ್ನಡದಲ್ಲಿ ಮಾತನಾಡಿದ್ದನ್ನು ಅಕ್ಷರವಾಗಿಸುವ ಧ್ವನಿ ಟೈಪಿಂಗ್ ಕೀಲಿಮಣೆಯಲ್ಲೇ ಇದೆ. ಶಾಲೆಯ ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಉಚಿತ ಪರದೆ ಓದುಗ ತಂತ್ರಾಂಶ ಹಾಕಿಕೊಳ್ಳಬಹುದು. ಮುದ್ರಿತ ಪುಸ್ತಕ ಓದಲಾಗದವರಿಗಾಗಿ 2016ರಲ್ಲಿ ಆರಂಭವಾದ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯವಿದೆ. ದೀಕ್ಷಾ ಎಂಬ ಸರ್ಕಾರಿ ಕಲಿಕಾ ತಾಣದಲ್ಲಿ ಭಾರತೀಯ ಸಂಜ್ಞಾ ಭಾಷೆಯ ವೀಡಿಯೋಗಳಿವೆ. ದೆಹಲಿಯ ಸಂಜ್ಞಾ ಭಾಷಾ ಸಂಶೋಧನಾ ಕೇಂದ್ರದ ನಿಘಂಟಿನಲ್ಲಿ 10,000 ಪದಗಳ ಸಂಜ್ಞೆಗಳು ಸಿಗುತ್ತವೆ. ವಾರಕ್ಕೆ ಐದು ಸಂಜ್ಞೆಯಂತೆ ಇಡೀ ತರಗತಿಗೆ ಕಲಿಸಿ. ಕಿವಿ ಕೇಳದ ಹುಡುಗಿ ಒಂಟಿಯಾಗಿರುವುದು ತಪ್ಪುತ್ತದೆ.

ಸುಗ್ಗಿಗೆ ಹೊರಗೆ ಹೋಗುವ ಮನೆಗಳ ಮಕ್ಕಳಿಗೆ ಮೊಬೈಲ್ ಕೊಂಡಿಗಿಂತ ಕಾಗದದ ಕಟ್ಟೇ ಮೇಲು. ನಾಲ್ಕು ವಾರದ ಓದು, ಲೆಕ್ಕ, ಹಿಂತಿರುಗಿದ ದಿನ ಯಾರನ್ನು ಕಾಣಬೇಕು ಎಂಬುದನ್ನು ಬರೆದು ಕೊಟ್ಟು ಕಳಿಸಿ. ಗೈರುಹಾಜರಿಗೆ ಬೈಗುಳ ಕಾದಿದೆ ಎಂದು ಗೊತ್ತಾದರೆ ಮಗು ಹಿಂತಿರುಗುವುದೇ ಇಲ್ಲ.

ಆರನೆಯ ಹೆಜ್ಜೆ: ಗೌರವ ಎಂದರೆ ಎಲ್ಲದಕ್ಕೂ ತಲೆದೂಗುವುದಲ್ಲ

ಕೆಲವು ಹಟ್ಟಿಗಳಲ್ಲಿ ಮುಟ್ಟಿನ ದಿನಗಳಲ್ಲಿ ಹೆಣ್ಣುಮಕ್ಕಳನ್ನು ಊರ ಹೊರಗೆ ಇರಿಸುವ ರೂಢಿ ಇಂದಿಗೂ ಇದೆ. ಹುಡುಗಿಯೊಬ್ಬಳು ತಿಂಗಳಿಗೆ ಮೂರು ನಾಲ್ಕು ದಿನ ಶಾಲೆ ತಪ್ಪಿಸಿದರೆ ವರ್ಷಕ್ಕೆ ಒಂದು ತಿಂಗಳ ಪಾಠ ಹೋಯಿತು. ಇದನ್ನು ತರಗತಿಯಲ್ಲಿ ಹೀಯಾಳಿಸಿದರೆ ಅವಮಾನವಾಗುವುದು ಆ ಹುಡುಗಿಗೇ. ಸುಮ್ಮನಿದ್ದರೂ ಅನ್ಯಾಯವೇ. ಶಿಕ್ಷಕಿಯರು ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ತಾಯಂದಿರ ಬಳಿ ಮಾತನಾಡಬೇಕು. ‘ಆ ದಿನಗಳಲ್ಲೂ ಶಾಲೆಗೆ ಕಳಿಸಿ’ ಎಂಬ ಒಂದೇ ಕೋರಿಕೆಯಿಂದ ಆರಂಭಿಸಬೇಕು. ಶಾಲೆಯಲ್ಲಿ ನೀರಿರುವ, ಚಿಲಕ ಹಾಕುವ ಶೌಚಾಲಯ ಇರಬೇಕು, ಶುಚಿ ಯೋಜನೆಯ ಪ್ಯಾಡುಗಳು ಬೀರುವಿನೊಳಗೆ ಬೀಗ ಹಾಕಿಕೊಂಡು ಕೂರಬಾರದು. ಲ್ಯಾಡ್ಸನ್-ಬಿಲ್ಲಿಂಗ್ಸ್ ಹೇಳಿದ ಮೂರನೆಯ ಅಂಶ, ಅನ್ಯಾಯವನ್ನು ಪ್ರಶ್ನಿಸುವ ಶಕ್ತಿ, ಅದರ ಅರ್ಥ ಇಲ್ಲಿ ಕಾಣುತ್ತದೆ.

ಊಟದ ಸಾಲು, ನೀರಿನ ಕೊಡ, ಕಸ ಗುಡಿಸುವ ಸರದಿ ಮೂರನ್ನೂ ಕಣ್ಣಿಟ್ಟು ನೋಡಿ. ಸರದಿಯ ಪಟ್ಟಿ ಹಾಜರಿ ಪುಸ್ತಕದ ಕ್ರಮದಲ್ಲೇ ಇರಲಿ, ಹುಡುಗ ಹುಡುಗಿ ಎಂಬ ಭೇದವಿಲ್ಲದೆ. ಬಾಲ್ಯವಿವಾಹದ ಸುಳಿವು, ಹಿಂಸೆಯ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098. ಮಗುವಿನ ಮನಸ್ಸು ಕುಗ್ಗಿದಂತೆ ಕಂಡರೆ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತನಾಡುತ್ತಾರೆ. ಎರಡೂ ಸಂಖ್ಯೆಗಳನ್ನು ಶೌಚಾಲಯದ ಗೋಡೆಯ ಮೇಲೂ ಬರೆಸಿ. ಒಬ್ಬರೇ ನಿಂತು ಓದಿಕೊಳ್ಳುವ ಜಾಗ ಅದು.

ಏಳನೆಯ ಹೆಜ್ಜೆ: ನಿಮ್ಮ ಕಲಿಕೆಗೆ ಏನಿದೆ

ಎರಡೂ ಜಿಲ್ಲೆಗಳಲ್ಲಿ ಡಯಟ್, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಇದೆ. ತರಬೇತಿ ಆದೇಶ ಬರುವವರೆಗೆ ಕಾಯದೆ ‘ನಮ್ಮ ವಲಯಕ್ಕೆ ಕಲಿಕಾ ನ್ಯೂನತೆಯ ಬಗ್ಗೆ ಒಂದು ದಿನದ ಕಾರ್ಯಾಗಾರ ಬೇಕು’ ಎಂದು ನಾಲ್ಕೈದು ಶಾಲೆಗಳ ಶಿಕ್ಷಕರು ಸೇರಿ ಪತ್ರ ಬರೆಯಿರಿ. ದೀಕ್ಷಾದಲ್ಲಿ ನಿಷ್ಠಾ ಎಂಬ ಶಿಕ್ಷಕ ತರಬೇತಿ ಕೋರ್ಸುಗಳಿವೆ, ಪ್ರೌಢಶಾಲಾ ಹಂತದವು 2021ರಲ್ಲಿ ಬಂದವು. ಐಟಿ ಫಾರ್ ಚೇಂಜ್ ಸಂಸ್ಥೆಯು ಡಿಎಸ್‌ಇಆರ್‌ಟಿ (ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ) ಜೊತೆಗೂಡಿ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣದಲ್ಲಿ ನಮ್ಮ ರಾಜ್ಯದ ಹೈಸ್ಕೂಲು ಶಿಕ್ಷಕರೇ ಬರೆದ ಪಾಠ ಸಾಮಗ್ರಿಗಳಿವೆ. ನಿಮ್ಮ ಗಣೆಯ ಪಾಠವನ್ನೂ ಅಲ್ಲಿಗೆ ಕೊಡಬಹುದು. ಶಿಕ್ಷಣದ ಗಂಭೀರ ಬರಹಗಳನ್ನು ಕನ್ನಡದಲ್ಲಿ ಓದಬೇಕೆಂದರೆ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ‘ಅನುವಾದ ಸಂಪದ’ ತೆರೆಯಿರಿ.

ವಿಜ್ಞಾನ, ಗಣಿತದವರಿಗೆ ಇನ್ನೊಂದು ಭಾಗ್ಯವಿದೆ. ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರತಿಭಾ ವಿಕಾಸ ಕೇಂದ್ರ ಶಿಕ್ಷಕರಿಗೆ ಪ್ರಯೋಗಾಧಾರಿತ ತರಬೇತಿ ನೀಡುತ್ತದೆ. ಅಲ್ಲಿಗೆ ಹೋದಾಗ ‘ಕಣ್ಣು ಕಾಣದ ಮಗುವಿಗೆ ಈ ಪ್ರಯೋಗವನ್ನು ಹೇಗೆ ಮಾಡಿಸಲಿ’ ಎಂಬ ಪ್ರಶ್ನೆಯನ್ನು ಮರೆಯದೆ ಕೇಳಿ. ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಕೇಳಿದರೆ ತರಬೇತಿಯ ಸ್ವರೂಪವೇ ನಿಧಾನವಾಗಿ ಬದಲಾಗುತ್ತದೆ.

ಎಂಟನೆಯ ಹೆಜ್ಜೆ: ಪರೀಕ್ಷೆಯ ತಯಾರಿ ಒಂಬತ್ತರಲ್ಲೇ

2016ರ ಕಾಯ್ದೆಯ 17ನೇ ಪ್ರಕರಣ ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವ ಲಿಪಿಕಾರರ ಸೌಲಭ್ಯ, ದ್ವಿತೀಯ ಮತ್ತು ತೃತೀಯ ಭಾಷೆಯಿಂದ ವಿನಾಯಿತಿ ಇವುಗಳನ್ನು ಹೆಸರಿಸಿಯೇ ಹೇಳಿದೆ. ಕೇಂದ್ರದ ಮಾರ್ಗಸೂಚಿಯ ಪ್ರಕಾರ ಹೆಚ್ಚುವರಿ ಸಮಯ ಗಂಟೆಗೆ 20 ನಿಮಿಷಕ್ಕಿಂತ ಕಡಿಮೆ ಇರಬಾರದು. ಎಸ್‌ಎಸ್‌ಎಲ್‌ಸಿಗೆ ಪರೀಕ್ಷಾ ಮಂಡಳಿಯ ಆ ವರ್ಷದ ಸುತ್ತೋಲೆಯೇ ಆಧಾರ, ಮುಖ್ಯ ಶಿಕ್ಷಕರ ಮೂಲಕ ದಾಖಲೆಗಳ ಸಮೇತ ಗಡುವಿನೊಳಗೆ ಅರ್ಜಿ ಹೋಗಬೇಕು.

ಸೌಲಭ್ಯ ಸಿಕ್ಕರೆ ಕೆಲಸ ಮುಗಿಯಲಿಲ್ಲ. ಉತ್ತರವನ್ನು ಬಾಯಲ್ಲಿ ಹೇಳಿ ಇನ್ನೊಬ್ಬರಿಂದ ಬರೆಸುವುದು ಕಲಿಯಬೇಕಾದ ವಿದ್ಯೆ. ‘ಹೊಸ ಸಾಲು’, ‘ಇಲ್ಲಿ ಚಿತ್ರ, ಎಡಗಡೆ ಹೆಸರು’, ‘ಇಲ್ಲಿಯವರೆಗೆ ಓದಿ ಹೇಳು’ ಎಂದು ಸೂಚನೆ ಕೊಡಲು ಮಗುವಿಗೆ ಬರಬೇಕು. ಒಮ್ಮೆಯೂ ಅಭ್ಯಾಸವಿಲ್ಲದ ಮಗು ಪರೀಕ್ಷಾ ಕೊಠಡಿಯಲ್ಲಿ ಅಪರಿಚಿತ ಲಿಪಿಕಾರನ ಮುಂದೆ ಕೂತಾಗ ಗೊತ್ತಿದ್ದ ಉತ್ತರವೂ ಗಂಟಲಲ್ಲೇ ಉಳಿಯುತ್ತದೆ. ಒಂಬತ್ತನೇ ತರಗತಿಯ ಎಸ್‌ಎ (ಸಂಕಲನಾತ್ಮಕ ಮೌಲ್ಯಮಾಪನ) ಪರೀಕ್ಷೆಯಿಂದಲೇ ಕೆಳ ತರಗತಿಯ ವಿದ್ಯಾರ್ಥಿಯೊಬ್ಬನನ್ನು ಲಿಪಿಕಾರನಾಗಿ ಕೂರಿಸಿ, ಹೆಚ್ಚುವರಿ ಸಮಯ ಕೊಟ್ಟು, ಪ್ರತ್ಯೇಕ ಕೊಠಡಿಯಲ್ಲಿ ಬರೆಸಿ. ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತಿಗೆ ಅದು ಮಗುವಿಗೆ ಸಹಜವಾಗಿರುತ್ತದೆ. ಲಿಪಿಕಾರನಿಗೂ ಹೇಳಿದ್ದನ್ನು ಹೇಳಿದಂತೆಯೇ ಬರೆಯುವ ಅಭ್ಯಾಸ ಬೇಕು, ತಾನು ತಿದ್ದುವಂತಿಲ್ಲ.

ಫಲಿತಾಂಶ ಬಂದ ಮೇಲೆ ವರ್ಗಾವಣೆ ಪತ್ರದ ಜೊತೆ ಒಂದು ಲಕೋಟೆಯನ್ನೂ ಕೊಡಿ. ಅದರಲ್ಲಿ ಯುಡಿಐಡಿ ಕಾರ್ಡಿನ ನಕಲು, ಮಂಡಳಿಯ ಅನುಮತಿ ಪತ್ರದ ನಕಲು, ಯಾವ ಬಗೆಯ ನೆರವಿನಿಂದ ಮಗುವಿಗೆ ಅನುಕೂಲವಾಯಿತು ಎಂಬ ನಿಮ್ಮ ಅರ್ಧ ಪುಟದ ಟಿಪ್ಪಣಿ ಇರಲಿ. ಪಿಯು ಕಾಲೇಜಿನವರಿಗೆ ಆ ಮಗು ಹೊಸದು. ಲಕೋಟೆಯನ್ನು ಪೋಷಕರ ಕೈಗೇ ಕೊಟ್ಟು, ಪ್ರವೇಶದ ದಿನವೇ ಪ್ರಾಚಾರ್ಯರಿಗೆ ತೋರಿಸಲು ಹೇಳಿ.